ಮರು: ‘ಅಂಡರ್‌ಗ್ರೌಂಡ್ ರೈಲ್‌ರೋಡ್’ಗೆ ಕನ್ನಡದಲ್ಲಿ ಏನನ್ನಬೇಕು? ಸೋಮವಾರ ಅಚ್ಚಿಗೆ

> ಮಕ್ಕಳ ಪುಸ್ತಕಕ್ಕೆ, ಅಮೆರಿಕದಲ್ಲಿ ತಾನು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೇರೆಯವರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಕಥೆ ಬರೆಯುತ್ತಿದ್ದೇನೆ. ‘ಸುರಂಗ ರೈಲು’ ಅಂತ ಹಾಕಿದ್ದೆ. ಚಿತ್ರ ಬರೆಯುವವರು ಸುರಂಗವನ್ನೇ ಬರೆದು ಕಳಿಸಿದ್ದಾರೆ. ಬೇಗ ಹೇಳಿ.

ಮೇಡಂ, ಆ ಚಿತ್ರ ಬೇಡ. ಆ ಹೆಸರಲ್ಲಿ ಸುರಂಗವೂ ಇಲ್ಲ, ರೈಲೂ ಇಲ್ಲ. ಗುಲಾಮರು ರಾತ್ರಿ ಹೊತ್ತು ಕಾಡು, ಜೌಗು ದಾಟಿ ಗುಲಾಮಗಿರಿ ಇಲ್ಲದ ಉತ್ತರಕ್ಕೆ ತಪ್ಪಿಸಿಕೊಳ್ಳುತ್ತಿದ್ದ ದಾರಿಗಳು, ಅವರನ್ನು ಬಚ್ಚಿಟ್ಟ ಮನೆಗಳು, ನೆರವಾದ ಜನ, ಎಲ್ಲ ಸೇರಿ ಆ ಹೆಸರು. ರೈಲು ಹೊಸದಾಗಿ ಬಂದಿದ್ದ ಕಾಲ. ಅದರ ಮಾತುಗಳನ್ನೇ ಗುಟ್ಟಿನ ಮಾತು ಮಾಡಿಕೊಂಡರು. ಬಚ್ಚಿಡುವ ಮನೆ ಸ್ಟೇಷನ್, ಓಡಿ ಬಂದವರು ಪ್ರಯಾಣಿಕರು, ಕರೆದೊಯ್ಯುವವರು ಕಂಡಕ್ಟರ್. ಟಬ್‌ಮನ್ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡದ್ದು 1849ರಲ್ಲಿ. ಲಂಡನ್ನಿನ ನೆಲದಡಿ ನಿಜವಾದ ರೈಲು ಓಡಿದ್ದೇ 1863ರಲ್ಲಿ. ಸುರಂಗ ರೈಲು ಅಂದರೆ ಬೆಂಗಳೂರಿನ ಮಕ್ಕಳ ಕಣ್ಣಿಗೆ ಮೆಟ್ರೊ ಬರುತ್ತೆ, ಅಲ್ವಾ?

‘ಭೂಗತ’ ಅನ್ನಲು ನನಗೂ ಆಸೆ ಇದೆ. 1942ರ ಚಳವಳಿಯವರು ‘ಭೂಗತರಾದರು’ ಅಂತ ನಾವೇ ಬರೆಯುತ್ತೇವೆ. ಅರ್ಥ ಸರಿಯಾಗಿ ಕೂರುತ್ತದೆ. ಆದರೆ ಈಗಿನ ಮಕ್ಕಳಿಗೆ ಭೂಗತ ಅಂದರೆ ರೌಡಿಗಳ ಲೋಕ. ಹಾಗಾಗಿ ‘ಗುಟ್ಟಿನ ರೈಲುದಾರಿ’ ಹಾಕಿ.

> ‘ರೈಲು’ ಕನ್ನಡವಲ್ಲ, ‘ಉಗಿಬಂಡಿ’ ಅನ್ನಿ. ‘ಗುಲಾಮ’ ಅರಬ್ಬಿ, ‘ಜೀತದಾಳು’ ಸಾಕು. ‘ಕಂಡಕ್ಟರ್’ಗೆ ‘ನಿರ್ವಾಹಕ’ ಇದೆ. ಚರ್ಚೆ ಬೇಡ.

ಚರ್ಚೆ ಬೇಕು ಸಾರ್. ಅರಬ್ಬಿಯ ‘ಗುಲಾಮ’ ಆಗದು, ಸಂಸ್ಕೃತದ ‘ನಿರ್ವಾಹಕ’ ಆಗುತ್ತದೆ. ಇದ್ಯಾವ ನಿಯಮ? ‘ರೈಲು’ ಉಕಾರ ಹಚ್ಚಿಕೊಂಡು, ‘ರೈಲಿಗೆ, ರೈಲಿನಲ್ಲಿ’ ಅಂತ ನಮ್ಮ ವಿಭಕ್ತಿ ಹಿಡಿದು ಓಡಾಡುತ್ತಿದೆ. ಅದನ್ನು ಹೊರಗೆ ಹಾಕಿ ಏನು ಸಾಧಿಸುತ್ತೀರಿ?

‘ಜೀತ’ದ ವಿಷಯದಲ್ಲಂತೂ ನಾನು ಬಿಟ್ಟುಕೊಡುವುದಿಲ್ಲ. ಜೀತ ಅಂದರೆ ನಮ್ಮಲ್ಲಿ ಸಾಲಕ್ಕೆ ಸಿಕ್ಕಿ ದುಡಿಯುವುದು. ಅದರ ನೋವೂ ಸಣ್ಣದಲ್ಲ. 1976ರಲ್ಲಿ ಕಾನೂನು ತಂದು ಅದನ್ನು ರದ್ದು ಮಾಡಬೇಕಾಯಿತು. ಆದರೆ ಅಮೆರಿಕದ ಗುಲಾಮರಿಗೆ ಯಾವ ಸಾಲವೂ ಇರಲಿಲ್ಲ. ಅವರೇ ಒಡೆಯನ ಆಸ್ತಿ. ಗುಲಾಮ ತಾಯಿಗೆ ಹುಟ್ಟಿದ ಮಗುವೂ ಆಸ್ತಿ. ಟಬ್‌ಮನ್ನರ ಮೂವರು ಅಕ್ಕಂದಿರನ್ನು ಮಾರಿಬಿಟ್ಟಿದ್ದರು. ಇದಕ್ಕೆ ‘ಜೀತ’ ಅಂದರೆ ಎರಡು ಬೇರೆ ಅನ್ಯಾಯಗಳನ್ನು ಒಂದೇ ಹೆಸರಲ್ಲಿ ಕಲಸಿದಂತೆ.

‘ನಿರ್ವಾಹಕ’ ಸರ್ಕಾರಿ ಕಾಗದದಲ್ಲಿದೆ, ಬಾಯಲ್ಲಿಲ್ಲ. ‘ನಿರ್ವಾಹಕರೇ, ಸ್ಟಾಪ್ ಕೊಡಿ’ ಅಂತ ಯಾರಾದರೂ ಕೂಗುತ್ತಾರಾ? ಕಂಡಕ್ಟರ್ ಅಂದರೆ ಟಿಕೆಟ್ ಕೊಡುವವರು ಅಂದುಕೊಂಡರೆ ಅಂದುಕೊಳ್ಳಲಿ. ಎಲ್ಲರೂ ಹತ್ತಿದ ಮೇಲೆ ‘ರೈಟ್’ ಅನ್ನುವವರು, ಅಜ್ಜಿ ಇಳಿಯುವ ತನಕ ಬಸ್ಸು ನಿಲ್ಲಿಸುವವರು ಅಂತಲೂ ಮಕ್ಕಳಿಗೆ ಗೊತ್ತು. ಟಬ್‌ಮನ್ ಮಾಡಿದ್ದೂ ಅದನ್ನೇ. ಸಿಕ್ಕಿಬಿದ್ದರೆ ಮತ್ತೆ ಗುಲಾಮಗಿರಿ ಅಂತ ಗೊತ್ತಿದ್ದೂ ಸುಮಾರು 13 ಸಲ ಹಿಂದಕ್ಕೆ ಹೋಗಿ, ಹೆಚ್ಚುಕಡಿಮೆ 70 ಜನರನ್ನು ಕರೆತಂದರು.

ಇನ್ನೊಬ್ಬರು ರೈಲೇ ಬೇಡ, ‘ರಹಸ್ಯ ಜಾಲ’ ಸಾಕು ಅಂದಿದ್ದಾರೆ. ಸಾಲದು. ನನ್ನ ರೈಲು ಎಂದೂ ಹಳಿ ತಪ್ಪಲಿಲ್ಲ, ಒಬ್ಬ ಪ್ರಯಾಣಿಕರನ್ನೂ ನಾನು ಕಳೆದುಕೊಳ್ಳಲಿಲ್ಲ ಅಂತ ಆ ತಾಯಿ ಮುಪ್ಪಿನಲ್ಲಿ ಹೇಳಿದ್ದರು. ರೈಲು ಕಿತ್ತುಹಾಕಿದರೆ ಈ ಮಾತನ್ನು ಎಲ್ಲಿ ಇಡುತ್ತೀರಿ? ‘ಹಳಿ ತಪ್ಪು’ ಅನ್ನುವುದು ನಮ್ಮ ಬಾಯಲ್ಲೂ ಇದೆ. ಅದು ಹಾಗೇ ಇರಲಿ.

ಮೇಡಂ, ಚಿತ್ರಕ್ಕೆ ಸುರಂಗದ ಬದಲು ರಾತ್ರಿಯ ಕಾಡು, ಮೇಲೆ ಧ್ರುವ ನಕ್ಷತ್ರ ಬರೆಸಿ. ಅದನ್ನು ನೋಡಿಕೊಂಡೇ ಅವರು ಉತ್ತರಕ್ಕೆ ನಡೆದದ್ದು. ಸೋಮವಾರದೊಳಗೆ ಆಗುತ್ತೆ.