ಪದಚರ್ಚೆ: ‘ಹೀಟ್ ಶೀಲ್ಡ್’ ಕವಚವೋ, ಮರೆಯೋ?

ಪ್ರಶ್ನೆ:
ಕಾರಿಗೆ ಹೊಸದಾಗಿ ಟರ್ಬೊ ಕೂರಿಸುವವರಿಗಾಗಿ ಬರೆದ ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಹೊಗೆಕೊಳವೆಯ ಬಿಸಿಗೆ ವೈರು, ರಬ್ಬರ್ ಹೋಸು, ಬ್ರೇಕ್ ದ್ರವದ ಡಬ್ಬಿ ಹಾಳಾಗದಂತೆ ಮೂರು ಸಾಮಾನುಗಳನ್ನು ಹೇಳಿದ್ದಾರೆ: ಕೊಳವೆಗೆ ಬಿಗಿಯಾಗಿ ಸುತ್ತುವ ಗಾಜಿನ ನಾರಿನ ಪಟ್ಟಿ, ಕೊಳವೆಯಿಂದ ತುಸು ದೂರದಲ್ಲಿ ನಿಲ್ಲಿಸುವ ಅಲ್ಯೂಮಿನಿಯಂ ತಗಡು, ವೈರಿಗೆ ತೊಡಿಸುವ ತೋಳು. ಮೂರಕ್ಕೂ ‘ಶಾಖ ಕವಚ’ ಎಂದು ಬರೆದು ಸಿಕ್ಕಿಹಾಕಿಕೊಂಡಿದ್ದೇನೆ. ತಗಡಿಗಾದರೂ ಬೇರೆ ಪದ ಕೊಡಿ. ‘ಬಿಸಿಕವಚ’ ಆಗಬಹುದೇ?

ಉತ್ತರ:
ಆಗದು. ಬಿಸಿ ಕನ್ನಡ, ಕವಚ ಸಂಸ್ಕೃತ, ಕೂಡಿಸಿದರೆ ಅರಿಸಮಾಸ, ವ್ಯಾಕರಣ ಒಪ್ಪದ ಬೆರಕೆ. ‘ಕಾವುಗಾಪು’ ಎನ್ನಿ. ‘ಕಾಯ್’ ಎಂಬ ಒಂದೇ ಧಾತುವಿನಿಂದ ಕಾವೂ ಹುಟ್ಟಿದೆ, ಕಾಪೂ ಹುಟ್ಟಿದೆ. ಬಿಸಿಯನ್ನೂ ರಕ್ಷಣೆಯನ್ನೂ ಒಂದೇ ಬೇರಿನಲ್ಲಿ ಹಿಡಿದಿಟ್ಟ ನುಡಿ ನಮ್ಮದು. ಎರವಲಿಗೆ ಕೈಚಾಚುವವರಿಗೆ ಇದು ಕಾಣುವುದಿಲ್ಲ.

ಉತ್ತರ:
ಒಂದೇ ಧಾತುವಲ್ಲ. ತಮಿಳನ್ನು ನೋಡಿ: ರಕ್ಷಿಸುವುದು ‘ಕಾ’, ಬಿಸಿಯಾಗುವುದು ‘ಕಾಯ್’. ಕನ್ನಡದಲ್ಲಿ ಎರಡೂ ‘ಕಾಯು’ ಆದವು, ಅಷ್ಟೇ. ನೀರು ಕಾಯುವುದಕ್ಕೂ ಹೊಲ ಕಾಯುವುದಕ್ಕೂ ನಂಟಿಲ್ಲ. ಇನ್ನು ಅರಿಸಮಾಸದ ಮಾತು. ‘ಮಳೆಗಾಲ’ದ ಕಾಲ ಯಾವ ಭಾಷೆಯದು ಸ್ವಾಮಿ? ನಾಳೆಯಿಂದ ಅದನ್ನೂ ಬಿಡುತ್ತೀರಾ?

ಉತ್ತರ:
ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಅರಿಸಮಾಸದ ವಿಷಯದಲ್ಲಿ ಪೂರ್ವಕವಿಗಳ ಪ್ರಯೋಗಕ್ಕೂ ಬಿರುದಾವಳಿಗೂ ವಿನಾಯಿತಿ ಕೊಟ್ಟಿದ್ದಾನೆ. ಟರ್ಬೊ ಕೈಪಿಡಿಗೆ ಕೊಟ್ಟಿಲ್ಲ.

ಉತ್ತರ:
ಕೇಳಿದವರಿಗೆ ನಾಳೆ ಅಚ್ಚು. ನೀವು 13ನೆಯ ಶತಮಾನದಲ್ಲಿದ್ದೀರಿ. ವ್ಯಾಕರಣಕ್ಕಿಂತ ಮೊದಲು ವಸ್ತುವನ್ನು ನೋಡೋಣ.

ಕವಚ ತೊಟ್ಟವನನ್ನು ಕಾಯುತ್ತದೆ. ಕರ್ಣನ ಕವಚ ಕರ್ಣನನ್ನು ಕಾಯುತ್ತಿತ್ತು, ಪಕ್ಕದಲ್ಲಿ ನಿಂತವರನ್ನಲ್ಲ. ಕೊಳವೆಗೆ ಸುತ್ತುವ ಪಟ್ಟಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಬಿಸಿಯನ್ನು ಒಳಗೇ ಹಿಡಿದು ನೆರೆಹೊರೆಯನ್ನು ಉಳಿಸುತ್ತದೆ, ತೊಟ್ಟ ಕೊಳವೆ ಮಾತ್ರ ಇನ್ನಷ್ಟು ಕಾಯುತ್ತದೆ. ಪಟ್ಟಿ ತೇವ ಹೀರಿಕೊಂಡು ಕುಳಿತರೆ ಸಾದಾ ಉಕ್ಕಿನ ಕೊಳವೆ ತುಕ್ಕು ಹಿಡಿಯುತ್ತದೆ. ಇದನ್ನು ಕವಚ ಎನ್ನಬೇಡಿ. ‘ಸುತ್ತುಪಟ್ಟಿ’ ಸಾಕು.

ತಗಡಿನ ಕೆಲಸವೇ ಬೇರೆ. ಹೊಳೆಯುವ ಮೈ ವಿಕಿರಣವನ್ನು ಹಿಂದಕ್ಕೆ ಅಟ್ಟುತ್ತದೆ, ನಡುವಿನ ಸಂದಿನಲ್ಲಿ ಸುಳಿಯುವ ಗಾಳಿ ಉಳಿದ ಬಿಸಿಯನ್ನು ಹೊತ್ತೊಯ್ಯುತ್ತದೆ. ಸಂದು ಹೋದರೆ ತಗಡು ಇದ್ದೂ ದಂಡ. ‘ಕವಚ’ ಎಂದು ಓದಿದ ಮೆಕ್ಯಾನಿಕ್ ಅದನ್ನು ಕೊಳವೆಗೆ ತೊಡಿಸಿಯೇ ತೊಡಿಸುತ್ತಾನೆ. ತಪ್ಪು ಅವನದಲ್ಲ, ಪದದ್ದು. ಪೂರ್ಣ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆ 800 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ.

ದೂರದಿಂದ ಮೈಗೆ ತಟ್ಟುವ ಬಿಸಿಗೆ ನಮ್ಮಲ್ಲಿ ಪದ ಇದ್ದೇ ಇದೆ: ಝಳ. ಬೆಂಕಿಯ ಝಳ, ಬಿಸಿಲ ಝಳ. ಮುಟ್ಟಿ ಸುಟ್ಟುಕೊಂಡದ್ದನ್ನು ಯಾರೂ ಝಳ ಎನ್ನುವುದಿಲ್ಲ. ಮುಟ್ಟದೆ ನಡುವೆ ನಿಲ್ಲುವುದು ಮರೆ. ಗಾಳಿಗೆ ದೀಪ ಆರದಂತೆ ಕೈ ಮರೆ ಮಾಡುತ್ತೇವಲ್ಲ, ಅದೇ. ‘ಝಳಮರೆ’ ಎನ್ನಿ. ‘ಕವಚ’ವನ್ನು ವೈರಿನ ತೋಳಿಗೆ ಉಳಿಸಿಕೊಳ್ಳಿ, ಅದೊಂದೇ ತೊಟ್ಟವರನ್ನು ಕಾಯುವಂಥದ್ದು.

ಉತ್ತರ:
ಮರೆ ಎಂದರೆ ಮರೆತುಬಿಡುವುದೂ ಹೌದು. ಓದುಗ ಗೊಂದಲಕ್ಕೆ ಬೀಳುತ್ತಾನೆ.

ಉತ್ತರ:
ಹಳಗನ್ನಡದಲ್ಲಿ ಎರಡಕ್ಕೂ ಶಕಟರೇಫವೇ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ) ಇತ್ತು. ಅಂದಿನಿಂದ ಇಂದಿನವರೆಗೆ ಯಾರಿಗೂ ಆಗದ ಗೊಂದಲ ಮೆಕ್ಯಾನಿಕ್‌ಗೆ ಆಗುವುದಿಲ್ಲ.

ಉತ್ತರ:
‘ಹೀಟ್ ಶೀಲ್ಡ್’ ಎಂದೇ ಬರೆಯಿರಿ. ಅಂಗಡಿಯಲ್ಲಿ ಝಳಮರೆ ಕೇಳಿದರೆ ಕಿಟಕಿಯ ಪರದೆ ಕೊಡುತ್ತಾರೆ.

ಉತ್ತರ:
‘ಪರದೆ’ ಪಾರಸಿ. ಹೀಗೆ ಎರವಲು ತಂದೇ ಮನೆ ತುಂಬಿಸಿಕೊಂಡಿದ್ದೇವೆ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು. ‘ಝಳಮರೆ’ ಎಂದು ಹಾಕಿದೆ. ಮೊದಲ ಬಾರಿ ಬಂದಲ್ಲಿ ಪಕ್ಕದಲ್ಲಿ ಹೀಟ್ ಶೀಲ್ಡ್ ಎಂದೂ ಇದೆ. ‘ಕೊಳವೆಗೆ ತಾಗಬಾರದು’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಸೇರಿಸಿದ್ದೇನೆ. ಪುಟಗಳು ಅಚ್ಚಿಗೆ ಹೋದವು.

ಉತ್ತರ:
‘ಝ’ ಮಹಾಪ್ರಾಣ. ‘ಜಳಮರೆ’ ಎಂದಿರಬೇಕಿತ್ತು.