ಲೆಕ್ಕ ಮಾಡಿದರೆ ಮಿದುಳಲ್ಲಿ ಆಕ್ಸಿಜನ್ ಇಳಿಯಬೇಕಲ್ವಾ? ನನ್ನ ಸೆನ್ಸರ್ ಉಲ್ಟಾ ತೋರಿಸುತ್ತಿದೆ

ಬಿಸಿಲೂರ_ಹುಡುಗ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಮಿದುಳಿನ ರಕ್ತದಲ್ಲಿನ ಆಕ್ಸಿಜನ್ ಏರಿಳಿತ ನೋಡಲು ಎರಡು ತಿಂಗಳಿಂದ ಹಣೆಗೆ ಕಟ್ಟುವ ಒಂದು ಸೆನ್ಸರ್ ಮಾಡುತ್ತಿದ್ದೇನೆ. 760 ಮತ್ತು 850 ನ್ಯಾನೋಮೀಟರಿನ ಎರಡು ಎಲ್‌ಇಡಿ, ಅವುಗಳಿಂದ 1 ಸೆಂ.ಮೀ. ದೂರದಲ್ಲಿ ವಾಪಸ್ ಬರುವ ಬೆಳಕು ಅಳೆಯುವ ಓಪಿಟಿ101 ಫೋಟೋಡಯೋಡ್, ಕೆಳಗೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್. ಆಕ್ಸಿಜನ್ ಬಿಟ್ಟುಕೊಟ್ಟ ರಕ್ತ 760ರ ಬೆಳಕನ್ನು ಜಾಸ್ತಿ ಹೀರುತ್ತದೆ, ಆಕ್ಸಿಜನ್ ತುಂಬಿದ ರಕ್ತ 850ರದ್ದನ್ನು. ಇಷ್ಟು ಓದಿಕೊಂಡಿದ್ದೇನೆ.

100ರಿಂದ ಏಳೇಳು ಕಳೆಯುತ್ತ ಹೋಗುತ್ತೇನೆ. ಮಿದುಳು ದುಡಿದರೆ ಆಕ್ಸಿಜನ್ ಖರ್ಚು, ಅಂದರೆ 760ರ ಬೆಳಕು ಕಡಿಮೆ ವಾಪಸ್ ಬರಬೇಕು. ನನಗೆ ಜಾಸ್ತಿ ಬರುತ್ತಿದೆ! ವೈರ್ ಮೂರು ಸಲ ಬಿಚ್ಚಿ ಹಾಕಿದೆ. ಕೋಡ್‌ನಲ್ಲಿ ಸುಮ್ನೆ ಒಂದು ಮೈನಸ್ ಹಾಕಿಬಿಡಲಾ?

ಇನ್ನೊಂದು ಕಾಟ. ಗ್ರಾಫ್ ತುಂಬ ಗರಗಸದ ಹಲ್ಲು. ನಿನ್ನೆ ಸಂಜೆ ಕರೆಂಟ್ ಹೋದಾಗ ಹಲ್ಲು ಮಾಯ, ಬಂದ ಕೂಡಲೇ ಮತ್ತೆ ಹಾಜರು.

ಹಳೇ_ರೇಡಿಯೋ (ಬೀದರ್):
ಕರೆಂಟ್ ಹೋಗಿದ್ದು ಒಳ್ಳೆಯದೇ ಆಯಿತು ತಮ್ಮಾ, ಕಳ್ಳ ಸಿಕ್ಕಿಬಿದ್ದ. ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಾರ್ಜರ್‌ನಿಂದ ಸೆಕೆಂಡಿಗೆ 50 ಸಲದ ಗುಂಯ್ ಬೇರೆ. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸು. ತಲೆಗೆ ಕಟ್ಟಿದ ಸರ್ಕ್ಯೂಟನ್ನು ಗೋಡೆಯ ಪ್ಲಗ್ಗಿಗೆ ಜೋಡಿಸುವುದು ಹೇಗೂ ಬೇಡ. ಪ್ರತಿ ಸಲ ಎಲ್‌ಇಡಿ ಆಫ್ ಮಾಡಿಯೂ ಒಂದು ರೀಡಿಂಗ್ ತಗೊಂಡು, ಆ ಹೊರಬೆಳಕನ್ನು ಕಳೆ. ಮೇಲೆ ಕರಿ ಬಟ್ಟೆ ಕಟ್ಟು.

ಮೈನಸ್ ಮಾತ್ರ ಹಾಕಬೇಡ. ಮೊದಲು ಸೆನ್ಸರನ್ನು ಮುಂಗೈಗೆ ಕಟ್ಟಿ, ತೋಳಿಗೆ ಕೈಯಲ್ಲಿ ಪಂಪ್ ಮಾಡುವ ಬಿಪಿ ಪಟ್ಟಿ ಹಾಕಿ ಬಿಗಿ ಮಾಡು. ರಕ್ತ ಬರುವುದು ನಿಂತರೆ ಅಲ್ಲಿನ ಆಕ್ಸಿಜನ್ ಖಾಲಿ ಆಗಲೇಬೇಕು. 760 ಇಳಿದರೆ ನಿನ್ನ ವೈರ್ ಸರಿ. ಒಂದು ನಿಮಿಷದ ಒಳಗೆ ಬಿಟ್ಟುಬಿಡು. ಒಬ್ಬನೇ ಇರುವಾಗ ಮಾಡಬೇಡ.

ಬಿಸಿಲೂರ_ಹುಡುಗ:
ಪಕ್ಕದ ಮನೆಯ ನರ್ಸ್ ಅಕ್ಕ ಪಟ್ಟಿ ತಂದು ಜೊತೆಗೇ ಕೂತರು. 45 ಸೆಕೆಂಡ್ ಹಿಡಿದೆವು. ಬೆರಳು ಜುಂ ಅಂತು, 760 ನಿಧಾನಕ್ಕೆ ಇಳಿಯಿತು, ಬಿಟ್ಟ ತಕ್ಷಣ ಜಿಗಿಯಿತು. ಅಂದರೆ ವೈರ್ ಸರಿ ಇದೆ ಅಣ್ಣಾ. ಹಾಗಾದರೆ ಹಣೆಯಲ್ಲಿ ಯಾಕೆ ಉಲ್ಟಾ?

ನಾಡಿಮಿಡಿತ (ಕಲಬುರಗಿ):
ನಾನು ಫಿಜಿಯಾಲಜಿ ಪಾಠ ಮಾಡುವವಳು. ನಿಮ್ಮ ಮೆಷಿನ್ ಉಲ್ಟಾ ಇಲ್ಲ, ನಿಮ್ಮ ನಿರೀಕ್ಷೆ ಉಲ್ಟಾ ಇದೆ.

ನಮ್ಮ ಕಡೆ ಮದುವೆ ಊಟ ನೆನಪಿಸಿಕೊಳ್ಳಿ. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಎಲೆಗೆ ಇನ್ನೆರಡು ಬಿದ್ದಿರುತ್ತವೆ. ಬಡಿಸುವವರು ಎಲೆ ಖಾಲಿ ಆಗಲಿ ಅಂತ ಕಾಯುವುದಿಲ್ಲ, ಕೈ ಬಾಯಿಗೆ ಹೋಗುವುದು ಕಂಡರೆ ಸಾಕು. ಮಿದುಳಲ್ಲೂ ಹೀಗೇ. ನರಕೋಶಗಳು ಚುರುಕಾದಾಗ ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುಗಡೆ ಆಗುತ್ತದೆ. ಅದರ ಸುಳಿವಿನಿಂದ ನೈಟ್ರಿಕ್ ಆಕ್ಸೈಡ್‌ನಂಥ ಸಂದೇಶಗಳು ಹೊರಟು ಹತ್ತಿರದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಆಸ್ಟ್ರೋಸೈಟ್ ಎಂಬ ಕೋಶಗಳೂ ಇದರಲ್ಲಿ ಕೈಜೋಡಿಸುತ್ತವೆ. ಬರುವ ರಕ್ತ ಖರ್ಚಿಗಿಂತ ಬಹಳ ಜಾಸ್ತಿ. ಹಾಗಾಗಿ ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ (ರಕ್ತದಲ್ಲಿ ಆಕ್ಸಿಜನ್ ಹೊರುವ ವಸ್ತು) ಕೊಚ್ಚಿಹೋಗಿ ಕಡಿಮೆಯಾಗುತ್ತದೆ, 760ರ ಬೆಳಕು ಏರುತ್ತದೆ.

1890ರಲ್ಲಿ ರಾಯ್ ಮತ್ತು ಶೆರಿಂಗ್ಟನ್ ಎಂಬ ವಿಜ್ಞಾನಿಗಳು, ಕೆಲಸದಲ್ಲಿ ಹುಟ್ಟುವ ಕಸವೇ ರಕ್ತನಾಳ ಹಿಗ್ಗಿಸುತ್ತದೆ ಅಂದಿದ್ದರು. ಬೇಡಿಕೆಗೆ ತಕ್ಕ ಪೂರೈಕೆ ಅಂತ ಎಲ್ಲರೂ ನಂಬಿದ್ದರು. 1986ರಲ್ಲಿ ಫಾಕ್ಸ್ ಮತ್ತು ರೈಕ್ಲ್ ಎಂಬ ಸಂಶೋಧಕರು ಅಳೆದು ನೋಡಿದರೆ, ಬೆರಳಿಗೆ ಕಂಪನ ಕೊಟ್ಟಾಗ ರಕ್ತದ ಹರಿವು 29% ಏರಿತ್ತು, ಆಕ್ಸಿಜನ್ ಬಳಕೆ ಬರೀ 5%! ಇಷ್ಟು ದುಂದು ಯಾಕೆ ಅಂತ ಇನ್ನೂ ವಾದ ನಡೆದೇ ಇದೆ. 1990ರಲ್ಲಿ ವಿಜ್ಞಾನಿ ಸೆಯ್ಜಿ ಒಗಾವಾ ಇದೇ ಕೊಚ್ಚಿಹೋಗುವ ಹಿಮೋಗ್ಲೋಬಿನ್‌ನ ಅಯಸ್ಕಾಂತ ಗುಣ ಹಿಡಿದರು. ದುಡಿಯುತ್ತಿರುವ ಮಿದುಳನ್ನು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಹುಟ್ಟಿದ್ದು ಅದರಿಂದಲೇ.

ಆದರೆ ಈಗಲೇ ಸಿಹಿ ಹಂಚಬೇಡಿ. 1 ಸೆಂ.ಮೀ. ದೂರಕ್ಕೆ ಬೆಳಕು ಚರ್ಮ ಬಿಟ್ಟು ಒಳಗೆ ಹೋಗುವುದೇ ಇಲ್ಲ ಅನ್ನಬಹುದು. ಲೆಕ್ಕ ತಪ್ಪೀತು ಎಂಬ ಗಾಬರಿಗೂ ಹಣೆಯ ಚರ್ಮದಲ್ಲಿ ರಕ್ತ ಏರುಪೇರಾಗುತ್ತದೆ. ನಿಮಗೆ ಉತ್ತರ ಸರಿ ಬಂದಿದೆ, ದಾರಿ ತಪ್ಪಿರಬಹುದು. 3 ಸೆಂ.ಮೀ. ದೂರದಲ್ಲಿ ಇನ್ನೊಂದು ಡಯೋಡ್ ಇಡಿ. ಹತ್ತಿರದ್ದು ಚರ್ಮದ ಸಾಕ್ಷಿ, ಅದನ್ನು ದೂರದ್ದರಿಂದ ಕಳೆಯಿರಿ.

ಒಂದು ಸಲಕ್ಕೆ ಎಷ್ಟು ಹೊತ್ತು ಲೆಕ್ಕ ಮಾಡುತ್ತೀರಿ?

ಬಿಸಿಲೂರ_ಹುಡುಗ:
ಮೂರು ಸೆಕೆಂಡ್ ಮೇಡಂ. ಬಾಯಲ್ಲಿ ಹೇಳುತ್ತ.

ನಾಡಿಮಿಡಿತ:
ಅಯ್ಯೋ! ರಕ್ತ ಅಷ್ಟು ಬೇಗ ಓಡಿ ಬರುವುದಿಲ್ಲ. ಶುರುವಾಗಲು ಒಂದೆರಡು ಸೆಕೆಂಡ್, ಶಿಖರ ಮುಟ್ಟಲು ಐದಾರು. 20 ಸೆಕೆಂಡ್ ಲೆಕ್ಕ, 30 ಸೆಕೆಂಡ್ ವಿಶ್ರಾಂತಿ, ಹೀಗೆ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಮನಸ್ಸಲ್ಲೇ ಎಣಿಸಿ, ಮಾತಾಡಿದರೆ ಹಣೆ ಅಲುಗುತ್ತದೆ. ಉಸಿರು ಬಿಗಿಹಿಡಿಯಬೇಡಿ, ಕಾರ್ಬನ್ ಡೈಆಕ್ಸೈಡ್ ಏರಿದರೆ ಅದೊಂದೇ ಸಾಕು ಮಿದುಳಿನ ರಕ್ತನಾಳ ಹಿಗ್ಗಲು. ಚಹಾ ಆಮೇಲೆ ಕುಡಿಯಿರಿ, ಕೆಫೀನ್ ಹರಿವು ತಗ್ಗಿಸುತ್ತದೆ. ನಮ್ಮೂರ ಮಧ್ಯಾಹ್ನದಲ್ಲಂತೂ ಬೇಡವೇ ಬೇಡ, ಬೆವರಿಗೆ ಸೆನ್ಸರ್ ಜಾರುತ್ತದೆ.

ಬಿಸಿಲೂರ_ಹುಡುಗ:
ಬೆಳಿಗ್ಗೆ ಐದೂವರೆಗೆ ಎದ್ದು ಮಾಡಿದೆ. 3 ಸೆಂ.ಮೀ.ಗೆ ಬೆಳಕು ಎಷ್ಟು ಕಮ್ಮಿ ಅಂದರೆ ಇಎಸ್‌ಪಿ32ರ ಸ್ವಂತ ಎಡಿಸಿ (ಸಿಗ್ನಲ್ ಅನ್ನು ಅಂಕಿ ಮಾಡುವ ಭಾಗ) ಕೈಚೆಲ್ಲಿತು, ಇನ್ನೂ ಸೂಕ್ಷ್ಮವಾದ ಎಡಿಎಸ್1115 ಚಿಪ್ ಹಾಕಬೇಕಾಯಿತು. ಚರ್ಮದ್ದು ಕಳೆದ ಮೇಲೆ ನನ್ನ ಮೊದಲಿನ ದೊಡ್ಡ ಗುಡ್ಡದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಉಳಿದದ್ದು ಸಣ್ಣ ದಿಬ್ಬ. ಆದರೆ ಲೆಕ್ಕ ಶುರುವಾಗಿ ಆರೇಳು ಸೆಕೆಂಡಿಗೆ 760 ಮೇಲೆ, 850 ಕೆಳಗೆ. ಹತ್ತರ ಸರಾಸರಿಯಲ್ಲಿ ಎದ್ದು ಕಾಣುತ್ತದೆ.

ಖುಷಿಯಲ್ಲಿ ಅಮ್ಮನ ಹಣೆಗೂ ಕಟ್ಟಿದೆ. ಅವಳು ಮೂವತ್ತು ವರ್ಷದಿಂದ ತೊಗರಿಬೇಳೆ ಅಂಗಡಿಯ ಲೆಕ್ಕ ಬಾಯಲ್ಲೇ ಮಾಡುವವಳು. "ಇದೇನ್ ಲೆಕ್ಕಂತ ಕೇಳ್ತಿಯೋ?" ಅಂದಳು. ಗ್ರಾಫ್ ಚಪ್ಪಟೆ! ರೂಢಿ ಇದ್ದವರ ಮಿದುಳಿಗೆ ಜಾಸ್ತಿ ರಕ್ತ ಬೇಡವೇ ಮೇಡಂ?

ನಾಡಿಮಿಡಿತ:
ಸುಲಭ ಲೆಕ್ಕಕ್ಕೆ ಏರಿಕೆ ಸಣ್ಣದಿರಬಹುದು. ಆದರೆ ಒಬ್ಬರನ್ನು ಒಂದು ಸಲ ನೋಡಿ ಹಾಗೆ ಹೇಳಲಾಗದು. ಅವರಿಗೆ 1,022ರಿಂದ 17 ಕಳೆಯಲು ಕೊಡಿ. ಅದಕ್ಕೂ ಮೊದಲು, ಗ್ರಾಫ್‌ನಲ್ಲಿ ನಾಡಿ ಕಾಣುತ್ತಿದೆಯಾ? ಸೆನ್ಸರ್ ಚರ್ಮಕ್ಕೆ ಸರಿಯಾಗಿ ಕೂತಿದ್ದರೆ ಅದು ಕಾಣಬೇಕು.

ಬಿಸಿಲೂರ_ಹುಡುಗ:
ಇಲ್ಲ ಮೇಡಂ. ಈಗ ನೋಡಿದೆ. ಬ್ಯಾಂಡ್ ಸಡಿಲ ಇತ್ತು, ಡಯೋಡ್ ಕೂದಲ ಮೇಲೆ ಕೂತಿತ್ತು.