ಅಪ್‌ಡೇಟ್: ಆರ್ (R) ಪ್ರೋಗ್ರಾಮಿಂಗ್ ಭಾಷೆಯಲ್ಲಿ ಖಾಲಿ ಡೇಟಾ ಫ್ರೇಮ್

ಒಂದೂ ಸಾಲಿಲ್ಲದ, ಕಾಲಂಗಳು ಮಾತ್ರ ಇರುವ ಡೇಟಾ ಫ್ರೇಮ್ (ಅಂದ್ರೆ ಟೇಬಲ್) ಮಾಡೋದು ಹೇಗೆ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು. ನಾನು ಸೊನ್ನೆ ಸಾಲಿನ ಮ್ಯಾಟ್ರಿಕ್ಸ್ ಮಾಡಿ ಅದನ್ನೇ ಡೇಟಾ ಫ್ರೇಮ್ ಆಗಿ ಬದಲಾಯಿಸುತ್ತಿದ್ದೆ. ಹಾಗಾಗಿ ಎಲ್ಲ ಕಾಲಂಗಳೂ ಲಾಜಿಕಲ್ (ಟ್ರೂ/ಫಾಲ್ಸ್ ಬಗೆ) ಆಗಿಬಿಡುತ್ತಿದ್ದವು. ಈಗ ಡೇಟಾ ಫ್ರೇಮ್ ಫಂಕ್ಷನ್‌ಗೆ ನೇರವಾಗಿ ಖಾಲಿ ವೆಕ್ಟರ್‌ಗಳನ್ನು (ಒಂದೇ ಬಗೆಯ ಮೌಲ್ಯಗಳ ಸಾಲು) ಕೊಟ್ಟೆ: ಹೆಸರಿಗೆ ಕ್ಯಾರೆಕ್ಟರ್ (ಪಠ್ಯ), ವಯಸ್ಸಿಗೆ ಇಂಟಿಜರ್ (ಪೂರ್ಣಾಂಕ). ಅಷ್ಟೇ!

ಆದರೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಾಲಿಗೆ ಹೆಸರು ತುಂಬಿದರೆ ಎನ್‌ಎ (ಮೌಲ್ಯ ಇಲ್ಲ ಎಂಬ ಗುರುತು) ಬಂತು. ಅರ್ಧ ದಿನ ಸುಮ್ನೆ ಹಾಳಾಯ್ತು. ಅಲ್ಲಿದ್ದದ್ದು ಆರ್ 3.6. 2020ರಲ್ಲಿ ಬಂದ 4.0.0ಕ್ಕಿಂತ ಹಿಂದಿನ ಆವೃತ್ತಿಗಳು ಪಠ್ಯವನ್ನು ತಾವಾಗಿಯೇ ಫ್ಯಾಕ್ಟರ್ (ನಿಗದಿತ ಮೌಲ್ಯಗಳನ್ನು ಮಾತ್ರ ಒಪ್ಪುವ ಬಗೆ) ಮಾಡುತ್ತವೆ; ಖಾಲಿ ಫ್ಯಾಕ್ಟರ್‌ನಲ್ಲಿ ಅಂಥ ಮೌಲ್ಯವೇ ಇಲ್ಲದ್ದರಿಂದ ಹೆಸರು ಎನ್‌ಎ ಆಯಿತು. ಸ್ಟ್ರಿಂಗ್ಸ್ ಆ್ಯಸ್ ಫ್ಯಾಕ್ಟರ್ಸ್ (stringsAsFactors) ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿದ ಮೇಲೆ ಸರಿಹೋಯಿತು.

ತಮಾಷೆ ಅಂದ್ರೆ, ಕೊನೆಗೆ ಖಾಲಿ ಟೇಬಲ್ಲೇ ಬೇಕಾಗಲಿಲ್ಲ. ಲೂಪ್‌ನಲ್ಲಿ ಪ್ರತಿ ಸಲ ಆರ್‌ಬೈಂಡ್ (ಸಾಲು ಜೋಡಿಸುವ ಫಂಕ್ಷನ್) ಮಾಡಿದರೆ ಇಡೀ ಟೇಬಲ್ ಮತ್ತೆ ನಕಲಾಗುತ್ತದೆ, ನಿಧಾನ ಜಾಸ್ತಿ. ಈಗ ಸಾಲುಗಳನ್ನು ಲಿಸ್ಟ್‌ನಲ್ಲಿ ಕೂಡಿಟ್ಟು, ಕೊನೆಯಲ್ಲಿ ಒಂದೇ ಸಲ ಜೋಡಿಸುತ್ತಿದ್ದೇನೆ.